ಬಲೂನು ಒಡೆದ ಗುರುವಾರ

ಫೆಬ್ರವರಿ 6, ಮಂಗಳವಾರ

ಇಪ್ಪತ್ತಾರು ವರ್ಷ ಮಕ್ಕಳ ಬಾಯಿ ಮುಚ್ಚಿಸುವುದೇ ನನ್ನ ಉದ್ಯೋಗವಾಗಿತ್ತು. ಈಗ ಅದೇ ಶಾಲೆಯ ಅದೇ ಗ್ರಂಥಾಲಯದಲ್ಲಿ ಗದ್ದಲ ಎಬ್ಬಿಸುವ ಕೆಲಸ.

ಸೆಪ್ಟೆಂಬರಿನಲ್ಲಿ ಡೋರಿಂಡಾ ತನ್ನ ಕೋಣೆಗೆ ಕರೆಸಿ, "ವಾಂಡಾ, ಪುಸ್ತಕ ಕೊಡೋದು ತಗೊಳ್ಳೋದು ಯಂತ್ರಾನೂ ಮಾಡತ್ತೆ. ನಿನ್ನ ಕೆಲಸ ಉಳೀಬೇಕಾ? ಮಕ್ಕಳ ಕೈಗೆ ಏನಾದ್ರೂ ಕೊಡು. ಕಟ್ಟಲಿ, ಕೆಡವಲಿ," ಎಂದಳು. ಅವಳು ಮುಖ್ಯೋಪಾಧ್ಯಾಯಿನಿ, ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ನಾನು ಹೆದರಿ ಹೂಂ ಅಂದೆ. ಹೆದರದೆ ಹೂಂ ಅಂದದ್ದು ನನ್ನ ಆಯುಸ್ಸಿನಲ್ಲಿ ಯಾವುದಿದೆಯೋ ನೆನಪಿಲ್ಲ. ಗುಡುಗು, ಹೆದ್ದಾರಿ, ಹಲ್ಲಿನ ವೈದ್ಯ, ಫೋನಿನ ಗಂಟೆ, ಎಲ್ಲಕ್ಕೂ ನಾನು ಪುಕ್ಕಲಿಯೇ.

ಒಂದು ಮಾತು ಮಾತ್ರ ಇಲ್ಲಿ ಬರೆದುಕೊಳ್ಳಬಹುದು. ಗುರುವಾರದ ಸವಾಲಿನ ಗಂಟೆ ಅಂದರೆ ಈಗ ನನಗೆ ಪ್ರಾಣ. ಹತ್ತು ಹಾಳೆ ಕಾಗದದಲ್ಲಿ ಸೇತುವೆ ಕಟ್ಟಿ ಅದರ ಮೇಲೆ ನಿಘಂಟು ನಿಲ್ಲಿಸಬೇಕು. ಸ್ಟ್ರಾ ಮತ್ತು ಟೇಪಿನಲ್ಲಿ ಫ್ಯಾನಿನ ಗಾಳಿಗೆ ಬೀಳದ ಗೋಪುರ ಎಬ್ಬಿಸಬೇಕು. ಬಿದ್ದರೆ ಅಳುವ ಹಾಗಿಲ್ಲ. ಎಷ್ಟು ಹೊತ್ತಿಗೆ ಬಿತ್ತು, ಯಾಕೆ ಬಿತ್ತು, ಮುಂದಿನ ಸಲ ಏನು ಬದಲಿಸುತ್ತೇನೆ ಎಂದು ಹಾಳೆಯಲ್ಲಿ ಬರೆದು ನನಗೆ ಕೊಡಬೇಕು. ಮಾರ್ಚ್ 28ಕ್ಕೆ ಶಾಲಾ ಮಂಡಳಿ ಕೂತು ಈ ಗಂಟೆ ಇರಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಗಂಟೆ ಹೋದರೆ ನಾನೂ ಹೋದೆ.

ಈ ವಾರ ಬಲೂನು ಗಾಡಿ. ಮೈಗೆ ಕೈ ಒರೆಸುವ ಕಾಗದದ ಸುರುಳಿಯೊಳಗಿನ ರಟ್ಟಿನ ಕೊಳವೆ, ಚಕ್ರಕ್ಕೆ ಬಾಟಲಿ ಮುಚ್ಚಳ, ಹಿಂದೆ ಊದಿದ ಬಲೂನು. ಗಾಳಿ ಹಿಂದಕ್ಕೆ ಹೋದರೆ ಗಾಡಿ ಮುಂದಕ್ಕೆ ಹೋಗಬೇಕು. ಕೊಳವೆಗಳನ್ನು ವರ್ಲ್ ತಂದುಕೊಟ್ಟ. ಶಾಲೆ ಗುಡಿಸಿ ಒರೆಸಿ, ಕೆಟ್ಟದ್ದು ರಿಪೇರಿ ಮಾಡುವವನು ಅವನೇ, ಇಪ್ಪತ್ತೆರಡು ವರ್ಷದಿಂದ.

"ಊರಲ್ಲಿರೋ ಕೈ ಒರೆಸೋ ಕಾಗದ ಎಲ್ಲಾ ನಾನೊಬ್ನೇ ಖಾಲಿ ಮಾಡ್ತೀನಿ ಅಂತ ನನ್ನ ಹೆಂಡ್ತಿ ಬಯ್ತಾಳೆ, ವಾಂಡಾ. ನಿನ್ನ ಹೆಸರು ಹೇಳಿದ್ರೆ ಇನ್ನೂ ಬಯ್ತಾಳೆ."

"ಹೇಳಬೇಡ ಮತ್ತೆ."

"ಹೇಳದೇ ಇದ್ರೆ ಬದುಕಲ್ಲಿ ಏನು ಮಜಾ?" ಎಂದು ಚೀಲ ಇಟ್ಟು ಹೋದ.

ಫೆಬ್ರವರಿ 8, ಗುರುವಾರ

ನಾಲ್ಕು ಗಂಟೆಗೆ ಮನೆಗೆ ಬಂದೆ. ಕೋಟು ಇನ್ನೂ ತೆಗೆದಿಲ್ಲ. ಅಕ್ಷರ ಸೊಟ್ಟ.

ಎರಡನೇ ತರಗತಿಯ ಹತ್ತೊಂಬತ್ತು ಮಕ್ಕಳು ಗಾಡಿ ಓಡಿಸುತ್ತಿದ್ದರು. ಒಂದು ಬಲೂನು ಒಡೆಯಿತು, ಹಿಂದೆಯೇ ಇನ್ನೊಂದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸ್ವಲ್ಪ ಹೊತ್ತಿಗೆ ಗೋಡೆಯ ಸ್ಪೀಕರಿನಲ್ಲಿ ಬಂತು: ಲಾಕ್‌ಡೌನ್, ಇದು ಅಭ್ಯಾಸವಲ್ಲ.

ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ತಿಂಗಳು ಬಿಟ್ಟು ತಿಂಗಳು ಅಭ್ಯಾಸ ಮಾಡುತ್ತೇವೆ. ಬಾಗಿಲು ಭದ್ರ ಮಾಡು. ದೀಪ ಆರಿಸು. ಕಿಟಕಿಗೆ ಕಾಣದ ಮೂಲೆಯಲ್ಲಿ ಕೂರು. ಯಾರು ಬಡಿದರೂ ತೆಗೆಯಬೇಡ. ಕೈಕಾಲು ತಾವಾಗಿಯೇ ಎಲ್ಲ ಮಾಡಿದವು. ಚಿತ್ರಪುಸ್ತಕಗಳ ಕಪಾಟಿನ ಹಿಂದೆ ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿದೆ. ಇಂಥದ್ದಕ್ಕೆಂದೇ ಇಟ್ಟಿರುವ ಡಬ್ಬಿಯಿಂದ ಒಬ್ಬೊಬ್ಬರ ಬಾಯಿಗೂ ಒಂದೊಂದು ಲಾಲಿಪಾಪ್ ಇಟ್ಟೆ. ಬಾಯಲ್ಲಿ ಸಿಹಿ ಇದ್ದರೆ ಮಕ್ಕಳು ಮಾತಾಡುವುದಿಲ್ಲ.

ನಲವತ್ತೊಂದು ನಿಮಿಷ. ಇಪ್ಪತ್ತನೆಯ ನಿಮಿಷಕ್ಕೋ ಏನೋ ಯಾರೋ ಹೊರಗಿನಿಂದ ಬಾಗಿಲ ಹಿಡಿ ತಿರುಗಿಸಿ ಅಲ್ಲಾಡಿಸಿದರು. ಒಂದು ಮಗು ಉಚ್ಚೆ ಹೊಯ್ದುಕೊಂಡಿತು, ಆ ಬಿಸಿ ನನ್ನ ಲಂಗಕ್ಕೂ ತಾಗಿತು. ಯಾರೂ ತುಟಿಪಿಟಕ್ ಅನ್ನಲಿಲ್ಲ. ಏಳು ವರ್ಷದ ಮಕ್ಕಳು ಅಷ್ಟು ಸುಮ್ಮನೆ ಕೂರುವುದನ್ನು ನಾನು ಇನ್ನೆಂದೂ ನೋಡಬಾರದು.

ಆಮೇಲೆ ಪೊಲೀಸರು ಬಾಗಿಲು ತೆಗೆಸಿದರು. ಏನೂ ಇರಲಿಲ್ಲವಂತೆ.

ಫೆಬ್ರವರಿ 9, ಶುಕ್ರವಾರ

ಶಾಲೆಗೆ ರಜೆ, ನಮಗೆ ಮಾತ್ರ ಸಭೆ. ಆಫೀಸಿನಲ್ಲಿ ಆ ದಿನ ಬದಲಿಗೆ ಬಂದಿದ್ದ ಹುಡುಗಿ "ಢಂ, ಢಂ" ಎಂದು ಎರಡು ಸಲ ಸದ್ದು ಕೇಳಿಸಿ ಲಾಕ್‌ಡೌನ್ ಗುಂಡಿ ಒತ್ತಿದ್ದಳು. ತಪ್ಪೇನಿಲ್ಲ, ಹಾಗೆಯೇ ಮಾಡಬೇಕೆಂದು ನಮಗೆಲ್ಲ ಹೇಳಿಕೊಟ್ಟಿರುವುದು. ಆ ಹೊತ್ತಿಗೆ ಯಾರ ಬಳಿ ಏನು ಸದ್ದಾಯಿತು ಎಂದು ಪೊಲೀಸಿನವನು ಕೇಳಿದ.

ವರ್ಲ್ ಕೈ ಎತ್ತಿದ. "ಊಟದ ಹಾಲ್‌ನಲ್ಲಿ ಮಡಚೋ ಮೇಜುಗಳನ್ನ ಇಳಿಸ್ತಿದ್ದೆ. ಎರಡು ಜಾರಿ ಬಿದ್ವು. ನಾನೇ ಇರ್ಬೇಕು."

"ಎಷ್ಟು ಗಂಟೆಗೆ?"

"ಹತ್ತರ ಆಸುಪಾಸು. ಗಡಿಯಾರ ನೋಡ್ಕೊಂಡು ಬೀಳಿಸ್ಲಿಲ್ಲ ಸಾರ್."

ಯಾರೋ ಕಿಸಕ್ಕೆಂದರು. ಪೊಲೀಸಿನವನು ಬರೆದುಕೊಂಡ. ಊಟದ ಹಾಲ್ ಆಫೀಸಿನ ಪಕ್ಕದಲ್ಲೇ ಇದೆ. ಮೇಜು ದೊಡ್ಡದು, ಸದ್ದೂ ದೊಡ್ಡದು. ಮೇಜೇ ಇರಬೇಕು.

ಸಭೆ ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋಗಿ ನಿನ್ನೆಯ ಹಾಳೆಗಳನ್ನು ಎತ್ತಿಟ್ಟೆ. ಟಿಲ್ಡಾ ಕ್ರೌಸ್ ತನ್ನ ಹಾಳೆಯಲ್ಲಿ ಬರೆದಿದ್ದಾಳೆ: 10:12. ಒಡೆಯಿತು. ಜಾಸ್ತಿ ಗಾಳಿ. ಮುಂದಿನ ಸಲ ಕಡಿಮೆ ಊದುತ್ತೇನೆ. ಲಾಕ್‌ಡೌನ್ ಕೂಗಿದ್ದು 10:13ಕ್ಕೆ ಎಂದು ಸಭೆಯಲ್ಲಿ ಓದಿ ಹೇಳಿದ್ದರು.

ಆ ಹಾಳೆಯನ್ನು ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಹಾಳೆ ಕಳೆದುಹೋಗಬಾರದಲ್ಲ.

ಫೆಬ್ರವರಿ 14, ಬುಧವಾರ

ಮಕ್ಕಳು ವ್ಯಾಲೆಂಟೈನ್ ಚೀಟಿ ಹಂಚಿದರು. ಇಪ್ಪತ್ತಮೂರು ಚೀಟಿ ನನಗೂ ಬಂದವು. ಟಿಲ್ಡಾಳದ್ದು ಇಲ್ಲ. ಲಾಲಿಪಾಪ್ ಇದ್ದ ಚೀಟಿಗಳನ್ನು ಅವಳು ಯಾರಿಂದಲೂ ತೆಗೆದುಕೊಳ್ಳಲಿಲ್ಲವಂತೆ.

ಫೆಬ್ರವರಿ 15, ಗುರುವಾರ

ಈ ವಾರದ ಸವಾಲಿಗೆ ಗೋಲಿ ಜಾರುಬಂಡಿ ಎಂದುಕೊಂಡಿದ್ದೆ. ಬೇಡವೆನಿಸಿತು. ಗೋಲಿ ನೆಲಕ್ಕೆ ಬಿದ್ದರೆ ಟಣ್ ಎನ್ನುತ್ತದೆ. ಬದಲಿಗೆ ಹತ್ತಿಯಲ್ಲಿ ಹಕ್ಕಿಗೂಡು ಮಾಡಿಸಿದೆ. ಮುಂದಿನ ವಾರ ಕಾಗದ ಮಡಚುವುದು. ಅದರ ಮುಂದಿನ ವಾರ ಎಣ್ಣೆ, ನೀರು, ಬಣ್ಣ. ಇಡೀ ತಿಂಗಳಿನದು ಯೋಚಿಸಿಟ್ಟಿದ್ದೇನೆ, ಒಂದರಲ್ಲೂ ಸದ್ದಿಲ್ಲ. ಮಕ್ಕಳ ಮನಸ್ಸಿಗೆ ಹಿತ.

ಕಾರಿನ ಬಾಗಿಲನ್ನು ಈಗ ದಬ್ಬಿ ಮುಚ್ಚುವುದಿಲ್ಲ, ಒತ್ತಿ ಮುಚ್ಚುತ್ತೇನೆ. ಅಂಗಡಿಯಲ್ಲಿ ಯಾರೋ ಡಬ್ಬಿ ಬೀಳಿಸಿದರೆ ನಾನು ಕೂತುಬಿಟ್ಟಿದ್ದೆ, ಬ್ರೆಡ್ಡಿನ ಸಾಲಿನ ಮುಂದೆ, ಮಂಡಿಯೂರಿ. ಬಿದ್ದಿರಾ ಎಂದು ಎತ್ತಲು ಬಂದರು. ಹೂಂ, ಬಿದ್ದೆ ಅಂದೆ.

ಫೆಬ್ರವರಿ 20, ಮಂಗಳವಾರ

ವರ್ಲ್‌ನನ್ನು ಏಪ್ರಿಲ್ ಒಂದರಿಂದ ಬಸ್ಸುಗಳ ಶೆಡ್ಡಿಗೆ ಹಾಕಿದ್ದಾರೆ. ಶಿಕ್ಷೆಯೇನಲ್ಲ, ತಂದೆತಾಯಿಗಳ ಸಮಾಧಾನಕ್ಕೆ ಎಂದಳು ಡೋರಿಂಡಾ. ಶಾಲೆಗೆ ಬಂದ ಪೊಲೀಸ್ ಸೈನ್ಯಕ್ಕೆ ಒಬ್ಬ ಶತ್ರು ಬೇಕಿತ್ತು, ವರ್ಲ್ ಸಿಕ್ಕ ಎಂದು ಊಟದ ಕೋಣೆಯಲ್ಲಿ ಯಾರೋ ತಮಾಷೆ ಮಾಡಿದರು. ಊಟಕ್ಕೆ ಚಿಲಿ ಎಂಬ ಮಾಂಸ-ಕಾಳಿನ ಖಾರದ ಸಾರೂ ದಾಲ್ಚಿನ್ನಿ ರೋಲೂ ಇದ್ದ ದಿನ. ನನ್ನ ತಟ್ಟೆಯನ್ನು ಹಾಗೇ ಹಿಂದಕ್ಕಿಟ್ಟೆ.

ವರ್ಲ್ ಕೊಳವೆಗಳ ಚೀಲ ತಂದ.

"ಇವತ್ತು ಕಡಿಮೆ," ಅಂದ. "ಮಕ್ಕಳು ಹೇಗಿದಾರೆ?"

"ಚೆನ್ನಾಗಿದಾರೆ."

"ಆ ಉಚ್ಚೆ ಹೊಯ್ದ್ಕೊಂಡ ಮಗು?"

"ಅದೂ ಚೆನ್ನಾಗಿದೆ ವರ್ಲ್."

"ಪಾಪ," ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡ. "ಎರಡು ಮೇಜು, ವಾಂಡಾ. ಒಂದು ಕೈಯಲ್ಲಿ ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಕಾಫಿ. ನನ್ನ ಕಾಫಿಗೋಸ್ಕರ ಮುನ್ನೂರು ಮಕ್ಕಳು..."

ನಾನು ಬಾಯಿ ತೆರೆದೆ. ಆಗ ಫೋನು ರಿಂಗಾಯಿತು, ಹೋಗಿ ಎತ್ತಿದೆ. ಯಾರದೋ ಪುಸ್ತಕ ಕಳೆದುಹೋಗಿತ್ತು.

ಇನ್ನೂ ಖಚಿತವಿಲ್ಲ. ಮೇಜುಗಳೂ ಬಿದ್ದಿದ್ದವು ತಾನೆ?

ಫೆಬ್ರವರಿ 27, ಮಂಗಳವಾರ

ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯುವ ಕಾರುಗಳ ಸಾಲಿನ ಬಳಿ ನನ್ನ ಪಾಳಿ. ಟಿಲ್ಡಾಳ ತಾಯಿ ಗಾಜಿಳಿಸಿದಳು.

"ಮಿಸೆಸ್ ಓಡೆಲ್, ಒಂದು ಕೇಳಲಾ? ಟಿಲ್ಡಾ ಗ್ರಂಥಾಲಯದಲ್ಲಿ ಏನಾದ್ರೂ ಮಾತಾಡ್ತಾಳಾ?"

"ಅವಳು ಸ್ವಲ್ಪ ಮೆತ್ತಗೆ..."

"ಮೆತ್ತಗಾ? ನಮ್ಮನೇಲಿ ಅವಳು ರೇಡಿಯೋ. ಮೂರು ವಾರದಿಂದ ಪಿಸುಪಿಸು ಅಂತಾಳೆ. ಉಪ್ಪು ಕೊಡು ಅನ್ನೋಕೂ ಕಿವಿ ಹತ್ರ ಬರ್ತಾಳೆ. ಪೊಲೀಸ್ ಕಾರು ಕಂಡ್ರೆ ಸೀಟಿನ ಕೆಳಗೆ ಹೋಗ್ತಾಳೆ. ಅವತ್ತಿನ ಹೆದರಿಕೆ ಅಂತ ಡಾಕ್ಟ್ರು ಹೇಳಿದ್ರು. ನಿಮ್ಮನ್ನ ಕಂಡ್ರೆ ಅವಳಿಗೆ ಇಷ್ಟ, ಒಂಚೂರು ನೋಡಿ."

ಹಿಂದಿನ ಕಾರು ಹಾರ್ನ್ ಹೊಡೆಯಿತು. ನಾನು ಬೆಚ್ಚಿದೆ. ಒಳಗೆ ಹಿಂದಿನ ಸೀಟಿನಲ್ಲಿ ಟಿಲ್ಡಾ ಬೆಚ್ಚಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಫೆಬ್ರವರಿ 29, ಗುರುವಾರ

ಇದನ್ನು ಪೂರ್ತಿ ಬರೆಯುತ್ತೇನೆ. ಹಿಂದೆ ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೇನೆ.

ಎಣ್ಣೆ ನೀರಿನ ಸವಾಲು ಮುಗಿದ ಮೇಲೆ ಟಿಲ್ಡಾಳನ್ನು ಬಾಟಲಿ ತೊಳೆಯುವ ನೆಪದಲ್ಲಿ ಉಳಿಸಿಕೊಂಡೆ. ಸಿಂಕಿನ ಬಳಿ ಎತ್ತರಕ್ಕೆ ಸ್ಟೂಲು ಹಾಕಿಕೊಂಡು ನಿಂತಿದ್ದಳು. ನಾನು, "ಅಮ್ಮ ಹೇಳ್ತಿದ್ರು, ನೀನು ಈಗ ಮಾತೇ ಆಡಲ್ವಂತೆ," ಎಂದೆ.

ಅವಳು ನನ್ನ ಕಿವಿಯ ಹತ್ತಿರ ಬಂದಳು. "ನಾನು ಯಾರಿಗೂ ಹೇಳ್ಲಿಲ್ಲ."

"ಏನನ್ನ?"

"ನಮ್ಮ ಬಲೂನು. ಅಮ್ಮಂಗೂ ಹೇಳ್ಲಿಲ್ಲ. ಡಾಕ್ಟ್ರು ಕೇಳಿದ್ರು, ಅವ್ರಿಗೂ ಹೇಳ್ಲಿಲ್ಲ." ಒಳ್ಳೆಯ ಅಂಕ ಬಂದದ್ದನ್ನು ತೋರಿಸುವವಳ ಹಾಗೆ ನನ್ನ ಮುಖ ನೋಡಿದಳು. "ನೀವೇ ಶ್ ಅಂದ್ರಲ್ಲ."

ನಾನು ಸಿಂಕಿನ ಅಂಚು ಹಿಡಿದುಕೊಂಡೆ.

ಹೌದು. ಆ ಗುರುವಾರ ಕಪಾಟಿನ ಹಿಂದೆ, ಕೂತು ಎರಡು ನಿಮಿಷವೂ ಆಗಿರಲಿಲ್ಲ, ಈ ಮಗು ಬಾಯಿಂದ ಲಾಲಿಪಾಪ್ ತೆಗೆದು ನನ್ನನ್ನು ಕೇಳಿತ್ತು: ಮಿಸೆಸ್ ಓಡೆಲ್, ಇದು ನಮ್ಮ ಬಲೂನಾ? ನಾನು ತುಟಿಗೆ ಬೆರಳಿಟ್ಟು ಶ್ ಅಂದೆ. ಅವಳು ಕೇಳುವ ಮೊದಲೇ ನನಗೂ ಹಾಗೆಯೇ ಅನ್ನಿಸಿತ್ತು. ಫೋನು ಮೇಜಿನ ಮೇಲೆ ಹತ್ತು ಹೆಜ್ಜೆ ದೂರದಲ್ಲಿತ್ತು. ಒಂದು ಮಾತು ಆಫೀಸಿಗೆ ಹೇಳಿದ್ದರೆ ನಲವತ್ತೊಂದು ನಿಮಿಷ ಐದಾಗುತ್ತಿತ್ತು. ಆದರೆ ಅದು ಬಲೂನಲ್ಲದಿದ್ದರೆ? ನಿಜವಾಗಿಯೂ ಯಾರೋ ಬಂದಿದ್ದು, ನಾನು ಫೋನೆತ್ತಿದ್ದು ಕೇಳಿಸಿಬಿಟ್ಟರೆ? ಹಾಗೆಂದು ಕೂತೆ. ಅದೊಂದನ್ನು ನಾನು ಕ್ಷಮಿಸಿಕೊಳ್ಳಬಲ್ಲೆ. ಅದರ ನಂತರದ ಇಪ್ಪತ್ತೊಂದು ದಿನಗಳಿಗೆ ಯಾವ ನೆಪವೂ ಇಲ್ಲ.

ಇನ್ನೊಂದು. "ಇನ್ನೂ ಊದಲಾ?" ಎಂದು ಅವಳು ಕೇಳಿದಾಗ, "ಊದು, ಏನಾಗತ್ತೋ ನೋಡೋಣ," ಎಂದವಳೂ ನಾನೇ.

"ನನ್ನನ್ನ ಹಿಡ್ಕೊಂಡು ಹೋಗ್ತಾರಾ?" ಟಿಲ್ಡಾ ಪಿಸುಗುಟ್ಟಿದಳು.

"ಇಲ್ಲ ಚಿನ್ನ."

"ಮಿಸ್ಟರ್ ವರ್ಲ್‌ನ?"

"ಇಲ್ಲ."

ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಉಳಿದ ಬಾಟಲಿಗಳನ್ನು ಒಂದಕ್ಕೊಂದು ತಾಗದಂತೆ ಎಷ್ಟು ನಾಜೂಕಾಗಿ ತೊಳೆದಿಟ್ಟಳೆಂದರೆ ನನಗೆ ನೋಡಲಾಗಲಿಲ್ಲ.

ಮಾರ್ಚ್ 1, ಶುಕ್ರವಾರ

ಡ್ರಾಯರಿನಿಂದ ಹಾಳೆ ತೆಗೆದು ಡೋರಿಂಡಾಳ ಮುಂದಿಟ್ಟೆ. ಅವಳು ಎರಡು ಸಲ ಓದಿದಳು. ಎದ್ದು ಬಾಗಿಲು ಮುಚ್ಚಿದಳು.

"ಇದನ್ನ ಇನ್ನು ಯಾರು ನೋಡಿದಾರೆ?"

"ನಾನು. ಬರೆದವಳು."

"ಸರಿ ಹಾಗಾದ್ರೆ." ಹಾಳೆಯನ್ನು ನನ್ನ ಕಡೆ ತಳ್ಳಿದಳು. "ನೋಡು ವಾಂಡಾ, ಮುಗಿದು ಹೋಗಿದೆ. ಮಕ್ಕಳು ಈಗ ತಾನೇ ಸುಧಾರಿಸ್ಕೊಳ್ತಿದಾರೆ. ಮಂಡಳಿ ಕೂರೋಕೆ ನಾಲ್ಕು ವಾರ ಇದೆ. ಇದು ಗೊತ್ತಾದ್ರೆ ನಿನ್ನ ಗಂಟೆ ನಾನೂ ಉಳಿಸೋಕಾಗಲ್ಲ. ಯಾಕೆ ಕೆದಕ್ತೀಯಾ?"

"ವರ್ಲ್?"

"ವರ್ಲ್‌ಗೆ ಸಂಬಳ ಕಡಿಮೆಯಾಗಲ್ಲ. ಬಸ್ ಶೆಡ್ಡು ಅವನಿಗೆ ಆರಾಮು."

"ಅವನಿಗೆ ಆರಾಮು ಬೇಡ, ಡೋರಿಂಡಾ. ಅವನಿಗೆ ನಿಜ ಬೇಕು. ಆ ಮಗೂಗೂ ಬೇಕು. ನೀನು ಹೇಳ್ತೀಯೋ, ನಾನು ಹೇಳಲೋ?"

ನನ್ನ ದನಿ ಸ್ವಲ್ಪ ಏರಿತ್ತೋ ಏನೋ, ಗಾಜಿನಾಚೆ ಇದ್ದ ಗುಮಾಸ್ತೆ ತಲೆಯೆತ್ತಿ ನೋಡಿದಳು. ಅಲ್ಲಿ ಹೀಟರಿನ ಸದ್ದು ಹೆಚ್ಚು, ಜೋರಾಗಿ ಮಾತಾಡಲೇಬೇಕಾಗುತ್ತದೆ.



ಮಾರ್ಚ್ 4, ಸೋಮವಾರ

ವರ್ಲ್ ಬಾಯ್ಲರ್ ಕೋಣೆಯಲ್ಲಿದ್ದ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಹಿಂದೆಲ್ಲ ಊಟದ ಹಾಲ್‌ನಲ್ಲಿ ಮಕ್ಕಳ ನಡುವೆ ಕೂತು ತಿನ್ನುತ್ತಿದ್ದವನು. ನಾನು ನಿಂತೇ ಎಲ್ಲ ಹೇಳಿದೆ. ಗಂಟೆ, ನಿಮಿಷ, ಹಾಳೆ, ಬೀಗ.

ಅವನು ತಿನ್ನುವುದನ್ನು ನಿಲ್ಲಿಸಿದ. ಬಯ್ಯಲಿ ಎಂದು ಕಾದೆ.

"ಯಾವತ್ತು ಗೊತ್ತಾಯ್ತು ನಿಂಗೆ?"

"ಮಾರನೇ ದಿನ. ಅದಕ್ಕೂ ಮುಂಚೆ."

"ನಾನು ಕೈ ಎತ್ತಿದಾಗ ನೀನು ನನ್ನ ಪಕ್ಕದ ಕುರ್ಚೀಲಿ ಕೂತಿದ್ದೆ."

"ಹೂಂ."

"ಆಮೇಲೆ ನಾನು ಕೊಳವೆ ತಂದುಕೊಟ್ಟೆ. ತಗೊಂಡೆ."

"ಹೂಂ, ವರ್ಲ್."

"ಮಕ್ಕಳ ಮುಖ ನೋಡೋಕಾಗ್ದೆ ನಾನು ಇಲ್ಲಿ ಕೂತು ತಿಂತಾ ಇದೀನಿ, ಇಪ್ಪತ್ತೈದು ದಿನದಿಂದ." ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿದ. "ನೀನು ಹೆದರ್ತೀಯ ಅಂತ ಗೊತ್ತಿತ್ತು ನಂಗೆ. ಎಲ್ರಿಗೂ ಗೊತ್ತು, ತಮಾಷೆ ಮಾಡ್ತೀವಿ. ನಿನ್ನ ಹೆದರಿಕೆ ಯಾರಿಗೂ ತೊಂದ್ರೆ ಕೊಡಲ್ಲ ಅಂದ್ಕೊಂಡಿದ್ದೆ. ಈಗ ಹೋಗು ವಾಂಡಾ."

ಹೋದೆ. ವರ್ಗಾವಣೆ ರದ್ದು ಮಾಡುತ್ತೇನೆಂದು ಡೋರಿಂಡಾ ಸಂಜೆ ಅವನಿಗೆ ಹೇಳಿದಳಂತೆ. ಬೇಡ, ಶೆಡ್ಡಿಗೇ ಹೋಗುತ್ತೇನೆ ಅಂದನಂತೆ.

ಮಾರ್ಚ್ 6, ಬುಧವಾರ

ತಂದೆತಾಯಿಗಳಿಗೆ ಶಾಲೆಯಿಂದ ಪತ್ರ ಹೋಯಿತು, ನನ್ನ ಹೆಸರಿನ ಸಮೇತ. ಫೋನು ಹನ್ನೊಂದು ಸಲ ರಿಂಗಾಯಿತು. ಎಲ್ಲವನ್ನೂ ಎತ್ತಿದೆ. ಒಬ್ಬಾತ ಬಾಯಿಗೆ ಬಂದಂತೆ ಬೈದ. ಟಿಲ್ಡಾಳ ತಾಯಿ ಏನೂ ಅನ್ನದೆ ಅತ್ತಳು, ಆಮೇಲೆ ಇಟ್ಟಳು. ಇಪ್ಪತ್ತೆಂಟರಂದು ಮಂಡಳಿ ಏನು ತೀರ್ಮಾನಿಸುತ್ತದೆ ಎಂದು ಊಹಿಸಲು ಈಗ ಬುದ್ಧಿವಂತಿಕೆ ಬೇಕಿಲ್ಲ.

ಮಾರ್ಚ್ 7, ಗುರುವಾರ

ಎರಡನೇ ತರಗತಿಯವರು ಹತ್ತಕ್ಕೆ ಬಂದರು. ಇಬ್ಬರ ಮನೆಯವರು ಕಳಿಸಿರಲಿಲ್ಲ. ಸವಾಲಿನ ಸಾಮಾನು ಹರಡುವ ಮೊದಲು ಹದಿನೇಳು ಮಕ್ಕಳನ್ನೂ ಜಮಖಾನೆಯ ಮೇಲೆ ಕೂರಿಸಿ ನಾನೂ ನೆಲದ ಮೇಲೆ ಕೂತೆ. ಮಂಡಿ ಕಟಕ್ಕೆಂದಿತು, ಒಬ್ಬ ನಕ್ಕ.

"ಆವತ್ತು ನಾವು ಕತ್ತಲಲ್ಲಿ ಕೂತಿದ್ವಲ್ಲ," ಎಂದೆ. "ಆಫೀಸಿನವರಿಗೆ ಕೇಳಿಸಿದ ಸದ್ದು ನಮ್ಮ ಬಲೂನಿಂದು. ಮಿಸ್ಟರ್ ವರ್ಲ್ ಮೇಜಿಂದಲ್ಲ. ಜೋರಾಗಿ ಊದು ಅಂದವಳು ನಾನು. ಗೊತ್ತಿದ್ದೂ ಹೇಳದೇ ಇದ್ದವಳೂ ನಾನು. ನಿಮ್ಮಲ್ಲಿ ಯಾರದ್ದೂ ತಪ್ಪಿಲ್ಲ."

ಟಿಲ್ಡಾ ತನ್ನ ಬೂಟಿನ ದಾರ ನೋಡುತ್ತಿದ್ದಳು. ಮುಂದೆ ಕೂತಿದ್ದ ಆಸ್ಕರ್, "ಅಂದ್ರೆ ಯಾರೂ ಬಂದಿರ್ಲಿಲ್ವಾ?" ಎಂದು ಕೇಳಿದ.

"ಇಲ್ಲ."

"ಬಾಗಿಲು ಅಲ್ಲಾಡ್ಸಿದ್ದು?"

"ಪೊಲೀಸು. ಬಾಗಿಲು ಭದ್ರ ಇದೆಯಾ ಅಂತ ನೋಡಿದ್ದು."

"ಯಾರೂ ಬಂದೇ ಇರ್ಲಿಲ್ವಾ?"

"ಯಾರೂ ಬಂದಿರ್ಲಿಲ್ಲ."

ಅವನು ಹಾಗೇ ಹಿಂದಕ್ಕೆ ಜಮಖಾನೆಯ ಮೇಲೆ ಅಂಗಾತ ಮಲಗಿಬಿಟ್ಟ. ಇನ್ನೊಬ್ಬಳು ಅಳತೊಡಗಿದಳು. ನಾಲ್ಕು ವಾರ ನಾವು ದೊಡ್ಡವರು ಈ ಮಕ್ಕಳಿಗೆ ಎಲ್ಲ ಸರಿಯಾಗಿದೆ, ಎಲ್ಲ ಸರಿಯಾಗಿದೆ ಎಂದು ದಿನಕ್ಕೆ ಹತ್ತು ಸಲ ಹೇಳಿದ್ದೇವೆ. ಯಾರೂ ಬಂದಿರಲಿಲ್ಲ ಎಂದು ಒಬ್ಬರೂ ಹೇಳಿರಲಿಲ್ಲ. ಬಂದೂಕಿನವನು ಬಂದು, ಬಾಗಿಲು ಅಲ್ಲಾಡಿಸಿ, ಹೊರಟುಹೋಗಿದ್ದಾನೆ ಎಂದುಕೊಂಡೇ ಈ ಮಕ್ಕಳು ದಿನಾ ಶಾಲೆಗೆ ಬರುತ್ತಿದ್ದರು.

ಆಗ ಟಿಲ್ಡಾ ತಲೆಯೆತ್ತಿದಳು. "ಇನ್ಮೇಲೂ ಬರಲ್ವಾ?"

ಇದಕ್ಕೆ ಏನು ಹೇಳಬೇಕೆಂದು ನಮಗೆ ಅಚ್ಚುಹಾಕಿಸಿ ಕೊಟ್ಟಿದ್ದಾರೆ: ನೀವು ಇಲ್ಲಿ ಸುರಕ್ಷಿತವಾಗಿದ್ದೀರಿ. ಆ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಹದಿನೇಳು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ಗೊತ್ತಿಲ್ಲ ಟಿಲ್ಡಾ," ಎಂದೆ. "ಬರಲಾರ ಅಂದ್ಕೊಂಡಿದೀನಿ. ಆದ್ರೆ ಗೊತ್ತಿಲ್ಲ. ನಂಗೂ ಭಯ ಆಗತ್ತೆ."

"ನಿಮ್ಗೂನಾ?"

"ದಿನಾ."

ಅವಳು ಎದ್ದು ಮಕ್ಕಳ ಕಾಲುಗಳನ್ನು ದಾಟಿಕೊಂಡು ಬಂದು ನನ್ನ ತೋಳಿಗೆ ಒರಗಿ ಕೂತಳು. ಆಮೇಲೆ ಎಲ್ಲರ ಕಡೆ ತಿರುಗಿ, ಕೊನೆಯ ಸಾಲಿಗೂ ಕೇಳುವಷ್ಟು ಜೋರಾಗಿ, ಒಳ್ಳೆಯ ಸುದ್ದಿ ತಂದವಳ ಹಾಗೆ ಹೇಳಿದಳು: "ಮಿಸೆಸ್ ಓಡೆಲ್‌ಗೂ ಭಯ ಅಂತೆ!"